ರವಿವಾರದ ಗುಡ್ಡ

ರವಿವಾರ ಬೆಳಿಗ್ಗೆ ನೀವು ಎಲ್ಲಿರುತ್ತೀರಿ ಎಂದು ನಿಮ್ಮ ತಾಯಂದಿರನ್ನು ಕೇಳಬೇಕಾಗಿಲ್ಲ. ಶಿವಾಜಿ ಪಾರ್ಕಿನಲ್ಲೋ ಆಜಾದ್ ಮೈದಾನದಲ್ಲೋ ಒಂದೇ ನೆಲದ ಮೇಲೆ ಹತ್ತಾರು ಕ್ರಿಕೆಟ್ ಪಂದ್ಯಗಳು ನಡೆದಿರುತ್ತವೆ; ಒಂದು ತಂಡದ ಫೀಲ್ಡರ್ ಇನ್ನೊಂದು ತಂಡದ ಬ್ಯಾಟ್ಸ್‌ಮನ್‌ಗೆ ಬೆನ್ನು ಹಾಕಿ ನಿಂತಿರುತ್ತಾನೆ. ಆ ಗದ್ದಲದಲ್ಲಿ ನೀವೂ ಒಬ್ಬರು. ಮಳೆಗಾಲವಾದರೆ ಮೊದಲ ಲೋಕಲ್ ಹಿಡಿದು ಕರ್ಜತ್ ಕಡೆಯ ಯಾವುದೋ ಕೋಟೆ ಹತ್ತಲು ಹೊರಟಿರುತ್ತೀರಿ. ಸಂಘದ ಕಾರ್ಯಕ್ರಮ ರವಿವಾರ ಬೆಳಿಗ್ಗೆ ಇಟ್ಟರೆ ಹುಡುಗರು ಬರುವುದಿಲ್ಲ ಎಂದು ಹಿರಿಯರು ಗೊಣಗುವುದು ಅದಕ್ಕೇ.

ನಾನೂ ಆ ಗೊಣಗುವವರ ಪೈಕಿಯವಳು. ಆದ್ದರಿಂದ ಈ ಪ್ರವಾಸ ಲೇಖನದಲ್ಲಿ ಊರಿನ ವರ್ಣನೆಯ ಜೊತೆಗೆ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿಕೊಂಡಿದೆ. ದೊಡ್ಡವರ ತಪ್ಪೊಪ್ಪಿಗೆ ಕೇಳುವ ಅವಕಾಶ ನಿಮಗೆ ಪದೇ ಪದೇ ಸಿಗುವುದಿಲ್ಲ. ಹಾಗಾಗಿ ಪುಟ ತಿರುಗಿಸದೆ ಓದಿ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಬಾಸೆಲ್ ಮಿಷನ್ನಿನವರು 1837ರಲ್ಲಿ ಅಲ್ಲಿಗೆ ಬಂದು ನೆಲೆಯೂರಿದರು. ನಮ್ಮದು ಆ ಸಭೆಯ ಕುಟುಂಬ. ನಮ್ಮ ಮನೆಯಲ್ಲಿ ರವಿವಾರ ಎಂದರೆ ದೇವರ ದಿನ. ಮಾರನೆಯ ದಿನಕ್ಕೆ ಬೇಕಾದ ಸಂತೆ, ಹಿಟ್ಟು ಬೀಸಿಸುವುದು, ಇಸ್ತ್ರಿ ಎಲ್ಲ ಶನಿವಾರವೇ ಮುಗಿಯಬೇಕು. ರವಿವಾರ ಬೆಳಿಗ್ಗೆ ಸಂಡೇ ಸ್ಕೂಲು, ಆಮೇಲೆ ಆರಾಧನೆ, ಮಧ್ಯಾಹ್ನ ಊಟ, ಸಂಜೆ ಮನೆಯಲ್ಲಿ ಕೀರ್ತನೆ. ಆಟ ಇಲ್ಲ, ಸಿನಿಮಾ ಇಲ್ಲ. ನಿಮ್ಮಲ್ಲಿ ಹೆಚ್ಚಿನವರು ಬೇರೆ ಮನೆತನದವರು. ಆದರೂ ನಿಮ್ಮ ಅಜ್ಜಿಯ ಏಕಾದಶಿ, ಸೋಮವಾರ, ಶ್ರಾವಣದ ಕಟ್ಟಳೆಗಳನ್ನು ನೋಡಿದವರಿಗೆ ಇದು ತೀರ ಹೊಸದಾಗಿ ಕಾಣಲಾರದು.

ಆ ಸಂಡೇ ಸ್ಕೂಲಿನಲ್ಲಿ ನಮಗೆ ಹೇಳಿದ ಕಥೆಗಳಲ್ಲಿ ಎರಿಕ್ ಲಿಡೆಲ್‌ನದು ಒಂದು. ಸ್ಕಾಟ್ಲೆಂಡಿನ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ರವಿವಾರ ಬಂದಿತ್ತು. ಆ ದಿನ ಓಡುವುದಿಲ್ಲ ಎಂದು ಆತ ಗೆಲ್ಲಬಹುದಾಗಿದ್ದ ಪದಕವನ್ನು ಬಿಟ್ಟುಕೊಟ್ಟ. ಆಮೇಲೆ, ತನ್ನದಲ್ಲದ 400 ಮೀಟರ್ ಓಟದಲ್ಲಿ ಓಡಿ ಚಿನ್ನ ಗೆದ್ದ. ದೇವರಿಗಾಗಿ ಒಂದನ್ನು ಬಿಟ್ಟರೆ ದೇವರು ಇನ್ನೊಂದನ್ನು ಕೊಡುತ್ತಾನೆ. ಕಥೆ ಮುಗಿಯಿತು, ಪ್ರಾರ್ಥನೆ ಮಾಡೋಣ.

ಮದುವೆಯಾಗಿ ಮುಂಬಯಿಗೆ ಬಂದೆ. ಮಗ ಹುಟ್ಟಿದ, ಬೆಳೆದ, ಹಾಕಿಯ ಹುಚ್ಚು ಹಿಡಿಸಿಕೊಂಡ. 2004ರಲ್ಲಿ, ಅವನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಅವನ ಶಾಲೆಯ ತಂಡ ಒಂದು ಪಂದ್ಯಾವಳಿಯ ಫೈನಲ್ ತಲುಪಿತು. ಫೈನಲ್ ರವಿವಾರ ಬೆಳಿಗ್ಗೆ. ನಾನು ಬೇಡವೆಂದೆ. ಅವನು ವಾದಿಸಿದ, ಅತ್ತ, ಊಟ ಬಿಟ್ಟ. ನಮ್ಮವರು "ಒಂದ್ ದಿನ ಹೋಗಲಿ ಬಿಡ" ಎಂದರು. ಆಗ ನಾನು ಮಗನನ್ನು ಕೂರಿಸಿಕೊಂಡು ಎರಿಕ್ ಲಿಡೆಲ್‌ನ ಕಥೆ ಹೇಳಿದೆ. ಅವನು ಕೇಳಿಸಿಕೊಂಡ. ರವಿವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಪಕ್ಕದಲ್ಲಿ ಚರ್ಚಿನಲ್ಲಿ ಕೂತ. ಅವರ ತಂಡ ಸೋತಿತು. ಅವನಿಲ್ಲದ್ದರಿಂದಲೇ ಸೋತಿತೆಂದು ನಾನು ಹೇಳಲಾರೆ, ಆದರೆ ಅವನ ಗೆಳೆಯರು ಹಾಗೆಯೇ ಹೇಳಿದರು. ಮರುವಾರ ಹಾಕಿ ಸ್ಟಿಕ್ಕು ಅಡುಗೆಮನೆಯ ಮೇಲಿನ ಅಟ್ಟ ಸೇರಿತು. ನಾನು ಗೆದ್ದೆ ಎಂದುಕೊಂಡೆ. ಕಾಲೇಜು ಸೇರಿದ ವರ್ಷ ಮಗ ಚರ್ಚಿಗೆ ಬರುವುದನ್ನೂ ನಿಲ್ಲಿಸಿದ. ಕಾರಣ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹದಿನೈದು ವರ್ಷಗಳ ನಂತರ, 2019ರ ಮೇ ತಿಂಗಳಲ್ಲಿ, ನಾನು ಅದೇ ಎರಿಕ್ ಲಿಡೆಲ್‌ನ ಊರಿಗೆ ಹೋದೆ. ಹೋದದ್ದು ಲಿಡೆಲ್‌ಗಾಗಿ ಅಲ್ಲ. ಮಗ ಕೆಲಸದ ಮೇಲೆ ಎಡಿನ್‌ಬರೋದಲ್ಲಿದ್ದ. ನಮ್ಮವರಿಗೆ ರಜೆ ಸಿಗಲಿಲ್ಲ. ಚಕ್ಕುಲಿ, ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟಿಕೊಂಡು ನಾನೊಬ್ಬಳೇ ವಿಮಾನ ಹತ್ತಿದೆ.

ಎಡಿನ್‌ಬರೋ ನನ್ನಂಥ ಇಂಗ್ಲಿಷ್ ಬಿ.ಎ. ಮಾಡಿದವರಿಗೆ ಪಠ್ಯಪುಸ್ತಕದಿಂದ ಎದ್ದುಬಂದಂಥ ಊರು. ರೈಲು ನಿಲ್ದಾಣದ ಹೆಸರು ವೇವರ್ಲಿ, ಅದು ವಾಲ್ಟರ್ ಸ್ಕಾಟ್‌ನ ಕಾದಂಬರಿಯ ಹೆಸರು. ಹೊರಗೆ ಬಂದರೆ ಸ್ಕಾಟ್‌ನದೇ ಕಪ್ಪುಕಲ್ಲಿನ ಎತ್ತರದ ಸ್ಮಾರಕ. ಒಂದು ಕಡೆ ಬಂಡೆಯ ಮೇಲೆ ಕೋಟೆ. ಅಲ್ಲಿಂದ ಇಳಿಜಾರಿನಲ್ಲಿ ಒಂದೇ ಬೀದಿ ಕೆಳಗಿಳಿದು ಹೋಲಿರೂಡ್ ಅರಮನೆಯನ್ನು ಮುಟ್ಟುತ್ತದೆ. ಅರಮನೆಯ ಬೆನ್ನಿಗೇ ಒಂದು ಗುಡ್ಡ. ಊರಿನ ನಡುವೆ, ಬಸ್ಸುಗಳು ಓಡಾಡುವ ರಸ್ತೆಯ ಪಕ್ಕದಲ್ಲೇ, ಸಿಂಹ ಮಲಗಿದಂತೆ ಕಾಣುವ ಗುಡ್ಡ. ಅದರ ಹೆಸರು ಆರ್ಥರ್ಸ್ ಸೀಟ್. ಎತ್ತರ 251 ಮೀಟರ್. ನಮ್ಮ ಸಹ್ಯಾದ್ರಿಯ ಮುಂದೆ ಮಗುವೇ ಸರಿ, ಆದರೆ ಪಕ್ಕದಲ್ಲಿ ಸಮುದ್ರವಿರುವುದರಿಂದ ಎತ್ತರವಾಗಿ ಕಾಣುತ್ತದೆ.

ಮೊದಲ ರವಿವಾರ ಚರ್ಚಿಗೆ ಹೋಗೋಣವೆಂದು ಮಗನನ್ನು ಕೇಳಿದೆ. "ಚರ್ಚಿನ ಬಾಗಲಾತನಕಾ ಬಿಡ್ತೀನಿ ಅಮ್ಮಾ. ನಾ ಗುಡ್ಡಾ ಹತ್ತಿ ಬರ್ತೀನಿ. ರವಿವಾರ ನಾ ಅಲ್ಲೇ ಹೋಗೂದು" ಎಂದ. ಸಿಟ್ಟಿನ ಮಾತಲ್ಲ, ಬಹಳ ಮೆತ್ತಗೆ ಹೇಳಿದ. ನಾನು ಒಬ್ಬಳೇ ಒಳಗೆ ಹೋಗಿ ಕೂತೆ. ಒಳ್ಳೆಯ ಪ್ರಸಂಗ, ಒಳ್ಳೆಯ ಹಾಡುಗಾರಿಕೆ. ಆದರೆ ನನ್ನ ಕಿವಿ ಹೊರಗಿತ್ತು.

ವಾರದ ನಡುವೆ ಅವನು ಕೆಲಸಕ್ಕೆ ಹೋದಾಗ ನಾನು ಬಸ್ಸು ಹಿಡಿದು ಹೋಲಿ ಕಾರ್ನರ್ ಎಂಬಲ್ಲಿಗೆ ಹೋದೆ. ಮಾರ್ನಿಂಗ್‌ಸೈಡ್ ಬಡಾವಣೆಯ ಒಂದು ನಾಲ್ಕು ರಸ್ತೆ ಕೂಡುವ ಜಾಗ. ನಾಲ್ಕು ಮೂಲೆಗಳಲ್ಲೂ ಚರ್ಚುಗಳಿದ್ದುದರಿಂದ ಜನರ ಬಾಯಲ್ಲಿ ಆ ಹೆಸರು ಬಂದಿದೆ. ಎರಿಕ್ ಲಿಡೆಲ್ ಇಲ್ಲಿನ ಕಾಂಗ್ರಿಗೇಶನಲ್ ಸಭೆಗೆ ಸೇರಿದ್ದ. ಈಗ ಆ ಮೂಲೆಗಳ ಒಂದು ಹಳೆಯ ಚರ್ಚು ಕಟ್ಟಡದಲ್ಲಿ ಆತನ ಹೆಸರಿನ ಕೇಂದ್ರವಿದೆ. ಮರೆವಿನ ಕಾಯಿಲೆಯವರನ್ನೂ ಅವರನ್ನು ನೋಡಿಕೊಳ್ಳುವ ಮನೆಯವರನ್ನೂ ಆಸರಿಸುವ ಕೆಲಸ ಅದರದು. ಓಟಗಾರನ ಸ್ಮಾರಕವೆಂದರೆ ಓಡುವ ಭಂಗಿಯ ಪ್ರತಿಮೆ, ಗಾಜಿನ ಪೆಟ್ಟಿಗೆಯಲ್ಲಿ ಪದಕ ಇತ್ಯಾದಿ ಕಲ್ಪಿಸಿಕೊಂಡಿದ್ದ ನನಗೆ, ವಾಕರ್ ಹಿಡಿದು ನಿಧಾನವಾಗಿ ಒಳಗೆ ಬರುತ್ತಿದ್ದ ಮುದುಕಿಯೊಬ್ಬಳನ್ನು ಕಂಡು ವಿಚಿತ್ರವೆನಿಸಿತು. ಅದರ ಅರ್ಥ ತಿಳಿಯಲು ಇನ್ನೂ ಕೆಲವು ದಿನ ಹಿಡಿಯಿತು.

ಸಂಜೆ ಮಗನಿಗೆ ಹೆಮ್ಮೆಯಿಂದ ಎಲ್ಲ ವರದಿ ಒಪ್ಪಿಸಿದೆ. ಅವನು "ಹೂಂ" ಎಂದ. ಸ್ವಲ್ಪ ಹೊತ್ತಿನ ನಂತರ, "ಈ ರವಿವಾರ ನನ್ನ ಜೋಡಿ ಗುಡ್ಡಾ ಹತ್ತತಿ ಏನ? ಚರ್ಚಿನ ಹೊತ್ತಿಗೆ ಇಳದು ಬರೂಣು" ಎಂದು ಕೇಳಿದ. ಮೊಣಕಾಲು ನೋವು, ಸೀರೆ, ಚಳಿ ಎಂಬ ಮೂರು ಕಾರಣಗಳು ಬಾಯಿಗೆ ಬಂದವು. ಮೂರನ್ನೂ ನುಂಗಿಕೊಂಡು ಹೂಂ ಎಂದೆ.

ಮೇ ತಿಂಗಳ ಕೊನೆಯಲ್ಲಿ ಅಲ್ಲಿ ಬೆಳಗಿನ ಐದಕ್ಕೆ ಮುಂಚೆಯೇ ಸೂರ್ಯ ಹುಟ್ಟಿರುತ್ತಾನೆ. ನಾವು ಆರಕ್ಕೆ ಹೊರಟೆವು. ಮೊದಲು ಸಿಗುವುದು ಸಾಲ್ಸ್‌ಬರಿ ಕ್ರ್ಯಾಗ್ಸ್ ಎಂಬ ಉದ್ದನೆಯ ಬಂಡೆಗೋಡೆ. ಅದರ ಬಳಿ ಮಗ ಒಂದು ಕಡೆ ನಿಲ್ಲಿಸಿ, ಬುಡದಲ್ಲಿ ಕೆಳಗಿನ ಪದರುಕಲ್ಲನ್ನು ಮೇಲಿನ ಕಪ್ಪುಕಲ್ಲು ಕಿತ್ತು ನುಗ್ಗಿದ ಗುರುತಿನ ಬಗ್ಗೆ ಹೇಳಿದ. ಎಡಿನ್‌ಬರೋದ ಜೇಮ್ಸ್ ಹಟನ್ ಎಂಬಾತ ಹದಿನೆಂಟನೆಯ ಶತಮಾನದಲ್ಲಿ ಇದನ್ನು ನೋಡಿ, ಆ ಕಪ್ಪುಕಲ್ಲು ಒಂದು ಕಾಲಕ್ಕೆ ಕರಗಿದ ರಸವಾಗಿ ನುಗ್ಗಿ ಬಂದದ್ದು, ಆದ್ದರಿಂದ ಭೂಮಿ ನಾವೆಣಿಸಿದ್ದಕ್ಕಿಂತ ಎಷ್ಟೋ ಹಳೆಯದು ಎಂದು ವಾದಿಸಿದ. ಈ ಗುಡ್ಡ ಸುಮಾರು 34 ಕೋಟಿ ವರ್ಷಗಳ ಹಿಂದೆ ಉರಿದು ಆರಿದ ಜ್ವಾಲಾಮುಖಿ. ತೆಂಕಣ ಮಗ್ಗುಲಿಗೆ ಸ್ಯಾಮ್ಸನ್ಸ್ ರಿಬ್ಸ್ ಎಂಬ ಕಲ್ಲುಕಂಬಗಳ ಸಾಲಿದೆ. ನೋಡಿದೊಡನೆ "ಇದು ನಮ್ಮ ಅಂಧೇರಿಯ ಗಿಲ್ಬರ್ಟ್ ಹಿಲ್ ಅಲ್ಲವೇ" ಎಂದೆ. ನಿಜಕ್ಕೂ ಅದೇ ಜಾತಿಯ ಕಲ್ಲು. ಕರಗಿದ ಶಿಲಾರಸ ತಣ್ಣಗಾಗುತ್ತ ಬಿರಿದು ಹೀಗೆ ಕಂಬಗಳಾಗುತ್ತದೆ. ಗಿಲ್ಬರ್ಟ್ ಹಿಲ್ಲಿನ ವಯಸ್ಸು ಆರು ಕೋಟಿ ವರ್ಷಕ್ಕೂ ಹೆಚ್ಚು. ಕಟ್ಟಡಗಳ ನಡುವೆ ಸಿಕ್ಕಿಕೊಂಡ ಆ ಗುಡ್ಡದ ಪಕ್ಕದಲ್ಲಿ ಎಷ್ಟೋ ಸಲ ರಿಕ್ಷಾದಲ್ಲಿ ಹೋಗಿದ್ದೇನೆ. ತಲೆಯೆತ್ತಿ ನೋಡಲು ಸ್ಕಾಟ್ಲೆಂಡಿಗೆ ಹೋಗಬೇಕಾಯಿತು.

ಬೈಬಲ್ಲಿನ ಆರು ದಿನಗಳ ಸೃಷ್ಟಿಯ ಕಥೆ ಕಂಠಪಾಠ ಮಾಡಿದ ನನಗೆ ಈ ಕೋಟಿಗಳ ಲೆಕ್ಕ ಗಾಬರಿ ಹುಟ್ಟಿಸಬೇಕಾಗಿತ್ತು. ಹುಟ್ಟಿಸಲಿಲ್ಲ. ಹಟನ್ ಕೂಡ ದೇವರನ್ನು ಅಲ್ಲಗಳೆದವನಲ್ಲ. ಈ ನಿಧಾನದ ಕೆಲಸದಲ್ಲಿ ಒಂದು ವಿವೇಕ ಇದೆ ಎಂದೇ ನಂಬಿದ್ದ. ಒಂದು ಕಲ್ಲುಕಂಬಕ್ಕೆ ಇಷ್ಟು ಕೋಟಿ ವರ್ಷ ಕಾಯುವ ದೇವರು, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಮುಂಜಾನೆ ತಪ್ಪಿಸಿಕೊಂಡರೆ ಕಾಯುತ್ತಿರಲಿಲ್ಲವೇ ಎಂಬ ಯೋಚನೆ ಬಂತು. ಅದನ್ನು ಆಗ ಬಾಯಿಬಿಟ್ಟು ಹೇಳಲಿಲ್ಲ.

ದಾರಿಯುದ್ದಕ್ಕೂ ಗೋರ್ಸ್ ಎಂಬ ಮುಳ್ಳುಗಿಡದ ಹಳದಿ ಹೂ. ಹತ್ತಿರ ಹೋದರೆ ತೆಂಗಿನಕಾಯಿಯ ವಾಸನೆ! ಆ ಚಳಿಯ ನಾಡಿನಲ್ಲಿ ಕೊಬ್ಬರಿ ಮಿಠಾಯಿ ಮಾಡಿದವರು ಯಾರೆಂದು ಸುತ್ತ ನೋಡಿದೆ. ಹುಲ್ಲಿನಿಂದ ಬಾನಾಡಿಯೊಂದು ಹಾಡುತ್ತಲೇ ನೇರ ಮೇಲಕ್ಕೆ ಏರಿತು. ನಮ್ಮನ್ನು ಹಿಂದೆ ಹಾಕಿ ಹುಡುಗ ಹುಡುಗಿಯರು ಓಡುತ್ತ ಹತ್ತುತ್ತಿದ್ದರು, ಪ್ರತಿಯೊಬ್ಬರೂ ಗುಡ್ ಮಾರ್ನಿಂಗ್ ಹೇಳಿಯೇ ಮುಂದೆ ಹೋದರು. ಕೊನೆಯ ಏರಿನಲ್ಲಿ ಗಾಳಿ ನನ್ನನ್ನು ಎತ್ತಿಕೊಂಡು ಹೋಗುವುದರಲ್ಲಿತ್ತು. ಮಗ ಕೈಹಿಡಿದು ಹತ್ತಿಸಿದ. ಚಿಕ್ಕಂದಿನಲ್ಲಿ ಲೋಕಲ್ ಹತ್ತುವಾಗ ನಾನು ಅವನ ಮಣಿಕಟ್ಟು ಹಿಡಿಯುತ್ತಿದ್ದೆನಲ್ಲ, ಹಾಗೆಯೇ ಹಿಡಿದಿದ್ದ.

ತುದಿಯಲ್ಲಿ ಬಂಡೆಯ ಮರೆಗೆ ಕೂತು ಥರ್ಮಾಸಿನ ಚಹಾ ಕುಡಿದೆವು. ಕೆಳಗೆ ಊರು, ಆಚೆ ಫರ್ತ್ ಆಫ್ ಫೋರ್ತ್ ಎಂಬ ಸಮುದ್ರದ ಚಾಚು, ನೀರಿನ ಮೇಲೆ ಮೋಡದ ನೆರಳು. ಸೂರ್ಯನು ಓಡಲು ಹುರುಪಿನಿಂದ ಹೊರಟ ವೀರನಂತೆ ಎಂದು ಹೋಲಿಸಿದ ಹತ್ತೊಂಬತ್ತನೆಯ ಕೀರ್ತನೆ ನೆನಪಾಯಿತು. ಚಿಕ್ಕವಳಿದ್ದಾಗಿನಿಂದ ಓದಿದ್ದೇನೆ, ಆಕಾಶವನ್ನು ಹೊಗಳಲು ಹೊರಟ ಕವಿಗೆ ಓಟಗಾರನ ಖುಷಿಯೇ ಹೋಲಿಕೆಯಾಗಿ ಒದಗಿತಲ್ಲ ಎಂದು ಎಂದೂ ಯೋಚಿಸಿರಲಿಲ್ಲ. ಪೌಲನೂ ಹಾಗೆಯೇ. ಕೊರಿಂಥದ ಜನರಿಗೆ ಬರೆಯುವಾಗ ಓಟದ, ಮುಷ್ಟಿಯುದ್ಧದ ಮಾತೆತ್ತುತ್ತಾನೆ, ಏಕೆಂದರೆ ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು, ಗೆದ್ದವರಿಗೆ ಎಲೆಗಳ ಕಿರೀಟ ಸಿಗುತ್ತಿತ್ತು. ಬಾಡುವ ಕಿರೀಟಕ್ಕೇ ಅವರು ಅಷ್ಟು ಪಳಗುವುದಾದರೆ ನಾವು ಎಷ್ಟು ಪಳಗಬೇಕು ಎಂಬುದು ಆತನ ವಾದ. ಆಟವನ್ನು ಹಗುರವಾಗಿ ಕಂಡವನು ಹೀಗೆ ಬರೆಯಲಾರ.

ಆಗ ಮಗ ಹೇಳಿದ: "ಅಮ್ಮಾ, ಆವತ್ತು ನೀ ನನಗ ಅರ್ಧಾ ಕತಿ ಹೇಳಿದ್ದಿ."

ಯಾವ ಆವತ್ತು ಎಂದು ನಾನು ಕೇಳಲಿಲ್ಲ.

ಈ ಊರಿಗೆ ಬಂದ ಮೇಲೆ ಅವನು ಲಿಡೆಲ್‌ನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದನಂತೆ. ತನ್ನಿಂದ ಫೈನಲ್ ಕಸಿದುಕೊಂಡ ಮನುಷ್ಯ ಯಾರು ಎಂದು ನೋಡಬೇಕೆನಿಸಿತಂತೆ. ಅವನು ಹೇಳಿದ ಮಿಕ್ಕರ್ಧ ಕಥೆ ಇದು. ಊರಿಗೆ ಬಂದ ಮೇಲೆ ನಾನೂ ಓದಿ ಖಾತ್ರಿ ಮಾಡಿಕೊಂಡೆ.

ಲಿಡೆಲ್ ಹುಟ್ಟಿದ್ದು 1902ರಲ್ಲಿ ಚೀನಾದ ತಿಯಾನ್‌ಜಿನ್‌ನಲ್ಲಿ. ತಂದೆತಾಯಿ ಸ್ಕಾಟ್ಲೆಂಡಿನ ಮಿಷನರಿಗಳು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದುತ್ತ ಸ್ಕಾಟ್ಲೆಂಡಿಗಾಗಿ ಏಳು ರಗ್ಬಿ ಪಂದ್ಯಗಳನ್ನೂ ಆಡಿದ. 1923ರಲ್ಲಿ ಸ್ಟೋಕ್‌ನಲ್ಲಿ 440 ಗಜದ ಓಟದ ಆರಂಭದಲ್ಲೇ ಬೇರೆಯವನ ಕಾಲು ತಾಗಿ ಹುಲ್ಲಿನ ಮೇಲೆ ಬಿದ್ದ. ಎದ್ದು, ಇಪ್ಪತ್ತು ಗಜ ಹಿಂದಿನಿಂದ ಓಡಿ ಗೆದ್ದ. ಪ್ಯಾರಿಸ್‌ನ ಓಟ ರವಿವಾರ ಎಂದು ಆತನಿಗೆ ಗೊತ್ತಾದದ್ದು ಹಡಗು ಹತ್ತುವಾಗ ಅಲ್ಲ, ಕೆಲವು ತಿಂಗಳು ಮೊದಲೇ. ಹಡಗಿನ ದೃಶ್ಯವೆಲ್ಲ 1981ರ 'ಚಾರಿಯಟ್ಸ್ ಆಫ್ ಫೈರ್' ಚಿತ್ರದವರ ಕಲ್ಪನೆ. ಅದೇ ಚಿತ್ರದಲ್ಲಿ ಆತನ ತಂಗಿ ಜೆನ್ನಿ ಓಟ ಬಿಡು ಎಂದು ಇದೇ ಗುಡ್ಡದ ಮೇಲೆ ಜಗ್ಗಾಡುತ್ತಾಳೆ. ನಿಜದ ಜೆನ್ನಿ ಅಣ್ಣನ ಓಟವನ್ನು ಎಂದೂ ವಿರೋಧಿಸಿದವಳಲ್ಲ. ಓಡುವಾಗ ದೇವರ ಸಂತೋಷ ತನಗೆ ಅನುಭವಕ್ಕೆ ಬರುತ್ತದೆ ಎಂದು ಲಿಡೆಲ್ ಹೇಳಿದನೆನ್ನುವ ಪ್ರಸಿದ್ಧ ಮಾತು ಕೂಡ ಚಿತ್ರಕಥೆ ಬರೆದವನದು.

ನಿಜವಾಗಿ ನಡೆದದ್ದು ಇಷ್ಟು. 1924ರ ಜುಲೈ 6ರ ರವಿವಾರ ಆತ ಓಡಲಿಲ್ಲ. ಜುಲೈ 11ರಂದು 400 ಮೀಟರ್ ಫೈನಲ್‌ನಲ್ಲಿ ಅತಿ ಹೊರಗಿನ ಸಾಲಿನಿಂದ ಓಡಿ 47.6 ಸೆಕೆಂಡುಗಳಲ್ಲಿ ಗೆದ್ದ. ಅದಕ್ಕೂ ಮೊದಲು 200 ಮೀಟರ್‌ನಲ್ಲಿ ಕಂಚು ಸಿಕ್ಕಿತ್ತು. ಊರಿಗೆ ಮರಳಿದಾಗ ಪದವಿ ಪ್ರದಾನ ಸಮಾರಂಭದಲ್ಲಿ ತಲೆಯ ಮೇಲೆ ಕಾಡು ಆಲಿವ್ ಎಲೆಗಳ ಕಿರೀಟ ಇಟ್ಟರು, ವಿದ್ಯಾರ್ಥಿಗಳು ಹೊತ್ತು ಮೆರೆಸಿದರು. ಮರುವರ್ಷವೇ, 23ನೆಯ ವಯಸ್ಸಿನಲ್ಲಿ, ಎಲ್ಲ ಬಿಟ್ಟು ತಿಯಾನ್‌ಜಿನ್‌ಗೆ ಹೋಗಿ ಶಾಲಾ ಮಾಸ್ತರನಾದ.

ನಮ್ಮ ಸಂಡೇ ಸ್ಕೂಲಿನ ಕಥೆ ಇಲ್ಲಿಗೆ ನಿಲ್ಲುತ್ತಿತ್ತು. ಮುಂದೆ ಯುದ್ಧ ಬಂತು. 1941ರಲ್ಲಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿದ. ಮೂರನೆಯ ಮಗಳು ಹುಟ್ಟಿದ್ದು ಅಲ್ಲಿ. ಆ ಮಗುವಿನ ಮುಖ ಆತ ನೋಡಲೇ ಇಲ್ಲ. 1943ರಲ್ಲಿ ಜಪಾನಿಯರು ಆತನನ್ನು ವೇಶಿಯೆನ್ ಎಂಬಲ್ಲಿಯ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ತಂದೆತಾಯಿಯಿಂದ ದೂರವಾದ ಮಿಷನ್ ಶಾಲೆಯ ಮಕ್ಕಳು ಬಹಳ ಇದ್ದರು. ಗೋಡೆ, ಮುಳ್ಳುತಂತಿ, ಅರೆಹೊಟ್ಟೆ. ಲಿಡೆಲ್ ಅವರಿಗೆ ವಿಜ್ಞಾನ ಕಲಿಸಿದ. ಆಟ ಆಡಿಸಿದ. ಮುರಿದ ಹಾಕಿ ಸ್ಟಿಕ್ಕುಗಳನ್ನು ಹರಿದ ಹಾಸಿಗೆ ಬಟ್ಟೆ ಸುತ್ತಿ ಅಂಟಿಸಿ ರಿಪೇರಿ ಮಾಡಿದ. ಎರಿಕ್ ಅಂಕಲ್ ಎಂದೇ ಮಕ್ಕಳು ಕರೆಯುತ್ತಿದ್ದರು. ರವಿವಾರ ಮಾತ್ರ ಆಟವಿಲ್ಲ, ಅದು ಆತನ ಹಳೆಯ ನಿಯಮ.

ಒಂದು ರವಿವಾರ ಮಕ್ಕಳು ತಾವೇ ಹಾಕಿ ಆಡಲು ಇಳಿದರು. ರೆಫರಿ ಇರಲಿಲ್ಲ. ಆಟ ಹೊಡೆದಾಟದಲ್ಲಿ ಮುಗಿಯಿತು. ಮುಂದಿನ ರವಿವಾರ ಮಕ್ಕಳು ಮೈದಾನಕ್ಕೆ ಬಂದಾಗ ಎರಿಕ್ ಲಿಡೆಲ್ ಅವರ ನಡುವೆ ರೆಫರಿಯಾಗಿ ನಿಂತಿದ್ದ.

ಇದನ್ನು ಹೇಳಿ ಮಗ ಸುಮ್ಮನಾದ. ನನಗೂ ಮಾತು ಬರಲಿಲ್ಲ. ಒಲಿಂಪಿಕ್ ಪದಕಕ್ಕಾಗಿ, ದೇಶಕ್ಕಾಗಿ, ದೊಡ್ಡವರು ಬಂದು ಒತ್ತಾಯಿಸಿದರೂ ಮುರಿಯದ ನಿಯಮವನ್ನು ಆತ ಜಗಳಾಡುವ ಹುಡುಗರಿಗಾಗಿ ಮುರಿದ. ಸಬ್ಬತ್ತು ಮನುಷ್ಯರಿಗಾಗಿ ಇರುವುದು ಎಂದು ಯೇಸು ಹೇಳಿದ್ದನ್ನು ನಾನು ಎಷ್ಟು ಸಲ ಓದಿಲ್ಲ! ಓದಿದವಳು ನಾನು, ಮಾಡಿದವನು ಲಿಡೆಲ್.

ಇನ್ನೊಂದು ಮಾತೂ ಅಲ್ಲೇ ಹೊಳೆಯಿತು. ಪ್ಯಾರಿಸ್‌ನಲ್ಲಿ ಲಿಡೆಲ್ ಬಿಟ್ಟುಕೊಟ್ಟದ್ದು ತನ್ನ ಓಟವನ್ನು. ರವಿವಾರ ಓಡಿದ ಬೇರೆಯವರನ್ನು ಆತ ದೂರಲಿಲ್ಲ, ಅವರನ್ನು ತಡೆಯಲೂ ಹೋಗಲಿಲ್ಲ. ನಾನು 2004ರಲ್ಲಿ ಬಿಟ್ಟುಕೊಟ್ಟದ್ದು ನನ್ನದೇನನ್ನೂ ಅಲ್ಲ. ಮಗನದನ್ನು ಕಿತ್ತು ದೇವರಿಗೆ ಕಾಣಿಕೆ ಹಾಕಿದೆ. ಹಾಗೆಂದು ಅವನಿಗೆ ಹೇಳಿದೆ; ತಪ್ಪಾಯಿತು ಎಂದೂ ಹೇಳಿದೆ. "ಇರಲಿ ಬಿಡ ಅಮ್ಮಾ. ನಿನಗ ಗೊತ್ತಿದ್ದಷ್ಟು ನೀ ಹೇಳಿದ್ದಿ" ಎಂದ. ಆಮೇಲೆ, "ಆದರ ಆ ಫೈನಲ್ ನಾವು ಗೆಲ್ತಿದ್ವಿ" ಎಂದ. ಇಬ್ಬರೂ ನಕ್ಕೆವು. ನನಗೆ ಕಣ್ಣಲ್ಲಿ ನೀರು ಬಂದದ್ದಕ್ಕೆ ಗಾಳಿಯ ನೆಪವಿತ್ತು.

ಇಳಿದು ಬರುವಾಗ ಹೋಲಿರೂಡ್ ಅರಮನೆಯ ಪಕ್ಕದ ಪಾಳುಬಿದ್ದ ಮಠ ಕಾಣುತ್ತದೆ. ಅದರ ಐತಿಹ್ಯವನ್ನೂ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಅರಸ ಮೊದಲನೆಯ ಡೇವಿಡ್, ಶಿಲುಬೆಯ ಹಬ್ಬದ ದಿನ, ಪಾದ್ರಿಯ ಮಾತು ಮೀರಿ ಈ ಗುಡ್ಡದ ಕಾಡಿನಲ್ಲಿ ಬೇಟೆಗೆ ಹೊರಟನಂತೆ. ಸಾರಂಗವೊಂದು ಮೇಲೆರಗಿತು. ಅದರ ಕೊಂಬುಗಳ ನಡುವೆ ಅರಸನಿಗೆ ಶಿಲುಬೆ ಕಂಡಿತು, ಪ್ರಾಣ ಉಳಿಯಿತು. ಅದರ ನೆನಪಿಗೆ 1128ರಲ್ಲಿ ಮಠ ಕಟ್ಟಿಸಿದ. ಹೋಲಿರೂಡ್ ಎಂದರೆ ಪವಿತ್ರ ಶಿಲುಬೆ. ಹಬ್ಬದ ದಿನ ಆಟಕ್ಕೆ ಹೋದವನಿಗೆ ತಕ್ಕ ಶಾಸ್ತಿ ಎಂದು ಈ ಕಥೆಯನ್ನು ಹೇಳಬಹುದು, ಮೊದಲಾಗಿದ್ದರೆ ನಾನು ಹಾಗೆಯೇ ಹೇಳುತ್ತಿದ್ದೆ. ಆದರೆ ನೋಡಿ, ಶಿಲುಬೆ ಅರಸನಿಗೆ ಕಂಡದ್ದು ಅವನು ತಪ್ಪಿಸಿಕೊಂಡು ಹೋದ ಕಾಡಿನಲ್ಲೇ.

ಅಂದು ಹನ್ನೊಂದರ ಆರಾಧನೆಗೆ ಕೆಸರು ಮೆತ್ತಿದ ಚಪ್ಪಲಿಯಲ್ಲೇ ಹೋದೆ. ಮಗ ಒಳಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಈ ಸಲ ಮಾತ್ರ ನನ್ನ ಕಿವಿ ಒಳಗೇ ಇತ್ತು.

ಮೂರನೆಯ ರವಿವಾರ ಸೇಂಟ್ ಆ್ಯಂಡ್ರೂಸ್‌ಗೆ ಹೋದೆವು. ಗಾಲ್ಫ್ ಆಟದ ತವರುಮನೆ. ಅಲ್ಲಿಯ ಓಲ್ಡ್ ಕೋರ್ಸ್ ಎಂಬ ಮೈದಾನದಲ್ಲಿ ಒಮ್ಮೆ ಆಡುವುದು ಜಗತ್ತಿನ ಗಾಲ್ಫ್ ಆಟಗಾರರಿಗೆಲ್ಲ ಕಾಶೀಯಾತ್ರೆ ಇದ್ದ ಹಾಗೆ. ಆದರೆ ರವಿವಾರ ಅಲ್ಲಿ ಆಟವಿಲ್ಲ. ಕೆಲವು ದೊಡ್ಡ ಪಂದ್ಯಾವಳಿಗಳ ದಿನ ಬಿಟ್ಟರೆ ರವಿವಾರ ಅದು ಊರಿನವರ ಉದ್ಯಾನ. ಯಾರು ಬೇಕಾದರೂ ಒಳಗೆ ನಡೆಯಬಹುದು. ತಳ್ಳುಗಾಡಿಯಲ್ಲಿ ಕೂಸು, ನಾಯಿ, ಊರುಗೋಲಿನ ಅಜ್ಜ, ಎಲ್ಲರೂ ಆ ಹಚ್ಚಹಸಿರಿನ ಮೇಲೆ ಅಡ್ಡಾಡುತ್ತಿದ್ದರು. ಹುಲ್ಲಿಗೂ ಒಂದು ದಿನ ವಿಶ್ರಾಂತಿ, ಹಣ ಕೊಡಲಾರದವನಿಗೂ ಒಂದು ದಿನ ಪ್ರವೇಶ. ರವಿವಾರದ ನಿಯಮ ಹೀಗೂ ಇರಬಹುದಲ್ಲ ಎನಿಸಿತು. ಬೇಡ ಎಂದು ಮುಚ್ಚುವ ಬಾಗಿಲು ಇನ್ನೊಂದು ಕಡೆ ಹತ್ತು ಜನರಿಗೆ ತೆರೆದಿರುತ್ತದೆ. ನಮ್ಮ ಮನೆಯ ರವಿವಾರದಲ್ಲಿ ನಾನು ಮುಚ್ಚಿದ್ದು ಮಾತ್ರ ಇತ್ತು.

ಮೈದಾನದ ಪಕ್ಕದಲ್ಲೇ ವೆಸ್ಟ್ ಸ್ಯಾಂಡ್ಸ್ ಎಂಬ ಉದ್ದನೆಯ ಕಡಲತೀರ. ಚಿತ್ರದ ಆರಂಭದಲ್ಲಿ ಬಿಳಿಯುಡುಪಿನ ಓಟಗಾರರು ಬರಿಗಾಲಲ್ಲಿ ಓಡುವುದು ಇಲ್ಲಿಯೇ. ಮಗ ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟು ಓಡತೊಡಗಿದ. ನೀರಿನಂಚಿನಲ್ಲಿ ಚಿಕ್ಕದಾಗುತ್ತ ಹೋಗಿ ಚುಕ್ಕೆಯಾದ. ಹದಿನೈದು ವರ್ಷದಲ್ಲಿ ಅವನು ಓಡುವುದನ್ನು ನಾನು ನೋಡಿಯೇ ಇರಲಿಲ್ಲ. ಎಷ್ಟು ಚೆನ್ನಾಗಿ ಓಡುತ್ತಾನೆ! ಅಲ್ಲಿ ನಿಂತು ನಾನು ಮಾಡಿದ ಪ್ರಾರ್ಥನೆಯಲ್ಲಿ ಮಾತುಗಳಿರಲಿಲ್ಲ.

ಲಿಡೆಲ್‌ನ ಕಥೆಯ ಕೊನೆಯನ್ನೂ ಹೇಳಬೇಕು, ಇಲ್ಲದಿದ್ದರೆ ಮತ್ತೆ ಅರ್ಧ ಕಥೆ ಹೇಳಿದಂತಾದೀತು. ಶಿಬಿರದಲ್ಲಿ ಸ್ಟೀಫನ್ ಮೆಟ್‌ಕಾಫ್ ಎಂಬ ಹುಡುಗನ ಬೂಟು ಚಳಿಗಾಲದಲ್ಲಿ ಹರಿದಾಗ ಲಿಡೆಲ್ ತನ್ನ ಹಳೆಯ ಓಟದ ಬೂಟುಗಳನ್ನು ಹೊಲಿದು ಅವನಿಗೆ ಕೊಟ್ಟ. ಕೆಲವೇ ವಾರಗಳಲ್ಲಿ, 1945ರ ಫೆಬ್ರವರಿ 21ರಂದು, ಮೆದುಳಿನ ಗಡ್ಡೆಯಿಂದ ತೀರಿಕೊಂಡ. ವಯಸ್ಸು 43. ಆರು ತಿಂಗಳೊಳಗೆ ಶಿಬಿರಕ್ಕೆ ಬಿಡುಗಡೆಯಾಯಿತು. ತಮ್ಮನ್ನು ಸೆರೆಯಲ್ಲಿಟ್ಟವರಿಗಾಗಿ ಪ್ರಾರ್ಥಿಸುವುದನ್ನು ಲಿಡೆಲ್‌ನಿಂದ ಕಲಿತ ಆ ಹುಡುಗ ಮುಂದೆ ಮಿಷನರಿಯಾಗಿ ಜಪಾನಿಗೇ ಹೋದ. 1991ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ ಮಲ್ ದ್ವೀಪದ ಗ್ರಾನೈಟ್ ಕಲ್ಲನ್ನು ಅಷ್ಟು ದೂರ ಒಯ್ದು ಆತನ ನೆನಪಿಗೆ ನಿಲ್ಲಿಸಿದರು. ಅದರ ಮೇಲೆ ಕೆತ್ತಿರುವುದು ಯೆಶಾಯನ ನಲವತ್ತನೆಯ ಅಧ್ಯಾಯದ ಒಂದು ವಚನದಿಂದ ತೆಗೆದ ಮಾತು. ಆ ವಚನ ಪೂರ್ತಿಯಾಗಿ, ದೇವರನ್ನು ನಿರೀಕ್ಷಿಸುವವರು ಹದ್ದಿನಂತೆ ಹಾರುವರು, ಓಡಿ ದಣಿಯರು, ನಡೆದು ಬಳಲರು ಎಂಬರ್ಥದ್ದು. ಮೊದಲು ಹಾರಾಟ, ಆಮೇಲೆ ಓಟ, ಕೊನೆಗೆ ನಡಿಗೆ. ಹೋಲಿ ಕಾರ್ನರ್‌ನಲ್ಲಿ ವಾಕರ್ ಹಿಡಿದು ಬಂದ ಮುದುಕಿ ಆಗ ನನಗೆ ಅರ್ಥವಾದಳು. ಜಗತ್ತಿನ ಅತಿ ವೇಗದ ಓಟಗಾರರಲ್ಲಿ ಒಬ್ಬನ ಹೆಸರಿನಲ್ಲಿ ಅತಿ ನಿಧಾನವಾಗಿ ನಡೆಯುವವರಿಗೆ ಮನೆ ಕಟ್ಟಿದ್ದಾರೆ. ಇದಕ್ಕಿಂತ ಒಳ್ಳೆಯ ಸ್ಮಾರಕ ಇರಲಾರದು.

ಮುಂಬಯಿಗೆ ಮರಳಿದ ವಾರ ಸ್ಟೂಲು ಹಾಕಿ ಅಟ್ಟ ಹತ್ತಿದೆ. ಹಾಕಿ ಸ್ಟಿಕ್ಕು ಹಳೆಯ ಚಾದರದಲ್ಲಿ ಸುತ್ತಿಕೊಂಡಿತ್ತು. ಬೂಟುಗಳ ಅಟ್ಟೆ ಮುಟ್ಟಿದೊಡನೆ ಪುಡಿಯಾಯಿತು, ಅವು ಯಾರಿಗೂ ಕೊಡುವಂತಿರಲಿಲ್ಲ. ಸ್ಟಿಕ್ಕನ್ನು ಒರೆಸಿ ಬಾಗಿಲ ಹಿಂದೆ ನಿಲ್ಲಿಸಿದೆ. 2022ರಲ್ಲಿ ಮಗ ರಜೆಗೆ ಬಂದಾಗ ನೋಡಿದ, ಏನೂ ಹೇಳಲಿಲ್ಲ. ಬಂದ ಮೊದಲ ರವಿವಾರ ಬೆಳಿಗ್ಗೆ ಅದನ್ನು ಹಿಡಿದು ಕೆಳಗೆ ಹೋದ. ಕಟ್ಟಡದ ಹುಡುಗರು ಟೆನಿಸ್ ಚೆಂಡಿನಲ್ಲಿ ಹಾಕಿ ಆಡುತ್ತಿದ್ದರು. ನಾನು ಚರ್ಚಿಗೆ ಹೊರಟಾಗ ಅವನು ರೆಫರಿಯಾಗಿದ್ದ, ಯಾವುದೋ ಫೌಲಿನ ಬಗ್ಗೆ ನಾಲ್ಕು ಜನ ಅವನ ಮೇಲೆ ಕೂಗಾಡುತ್ತಿದ್ದರು. ನನ್ನನ್ನು ನೋಡಿ ಕೈ ಬೀಸಿದ. ಅವನು ಈಗಲೂ ಚರ್ಚಿಗೆ ಬರುವುದಿಲ್ಲ. ನನ್ನ ಕಥೆ ಸಂಡೇ ಸ್ಕೂಲಿನ ಕಥೆಯಂತೆ ಮುಗಿಯಲಿಲ್ಲ, ಏಕೆಂದರೆ ಇನ್ನೂ ಮುಗಿದಿಲ್ಲ.

ಇನ್ನು ನಿಮಗೆ ಎರಡು ಮಾತು. ಆಡಿ, ಓಡಿ, ಗುಡ್ಡ ಹತ್ತಿ. ತುದಿಯಲ್ಲಿ ಗಾಳಿ ಮುಖಕ್ಕೆ ಹೊಡೆದಾಗ ಎದೆಯಲ್ಲಿ ಏಳುವ ಸಂತೋಷ ಎಲ್ಲಿಂದ ಬಂತು ಎಂದು ಒಂದು ಗಳಿಗೆ ಕೇಳಿಕೊಳ್ಳಿ. ನಾನು ಅದನ್ನು ಯೇಸುವಿನ 'ತಂದೆ' ಎಂಬ ಮಾತಿನಿಂದ ಕರೆಯುತ್ತೇನೆ. ನಿಮ್ಮ ಮನೆಯಲ್ಲಿ ಬೇರೆ ಹೆಸರಿರಬಹುದು. ಎರಡನೆಯದು, ನಿಮಗಾಗಿ ಒಂದು ನಿಯಮ ಇಟ್ಟುಕೊಳ್ಳಿ, ಅದಕ್ಕಾಗಿ ಏನಾದರೂ ಬಿಟ್ಟುಕೊಡುವ ಗಟ್ಟಿತನವೂ ಇರಲಿ. ಆದರೆ ಬಿಟ್ಟುಕೊಡುವುದು ನಿಮ್ಮದಾಗಿರಲಿ. ನಿಮಗಿಂತ ಚಿಕ್ಕವರು ಮೈದಾನದಲ್ಲಿ ಜಗಳಾಡುತ್ತಿದ್ದರೆ ನಿಯಮ ಪಕ್ಕಕ್ಕಿಟ್ಟು ಇಳಿದುಹೋಗಿ.

ಎಡಿನ್‌ಬರೋಗೆ ಹೋಗುವ ಅವಕಾಶ ಸಿಕ್ಕರೆ ಆ ಗುಡ್ಡ ಹತ್ತದೆ ಬರಬೇಡಿ. ಒಳ್ಳೆಯ ಬೂಟು ಹಾಕಿಕೊಳ್ಳಿ, ತುದಿಯ ಕಲ್ಲು ಸವೆದು ನುಣುಪಾಗಿ ಜಾರುತ್ತದೆ. ಅಮ್ಮನನ್ನೂ ಕರೆದೊಯ್ಯಿರಿ. ಮೊಣಕಾಲು ನೋವು ಎಂದರೆ ನಂಬಬೇಡಿ, ನಿಧಾನವಾಗಿ ನಡೆಸಿಕೊಂಡು ಹೋಗಿ.